ದೂತನ ಸುದ್ದಿ, ದೊರೆಯ ಒಡ್ಡೋಲಗ: ಪ್ರಳಯದ ಸಿನಿಮಾದಲ್ಲಿ ನಗು ಹುಟ್ಟುವ ಜಾಗ

2025ರ ಫೆಬ್ರುವರಿಯಲ್ಲಿ ಕೆಲವು ದಿನ ನಮ್ಮ ಅರಬ್ಬೀ ಸಮುದ್ರದ ಹೆಸರು ಯಾರೂ ಬಯಸದ ಒಂದು ಪಟ್ಟಿಯಲ್ಲಿತ್ತು. 2024ರ ಡಿಸೆಂಬರ್ 27ರಂದು ಚಿಲಿಯ ದೂರದರ್ಶಕಕ್ಕೆ ಕಂಡ 2024 ವೈಆರ್4 ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯಬಹುದೆಂಬ ಲೆಕ್ಕ ಮೇಲೇರುತ್ತಾ ಹೋಗಿ, ಫೆಬ್ರುವರಿ 18ರಂದು ಶೇ 3.1 ಮುಟ್ಟಿತು. ಬಡಿದರೆ ಎಲ್ಲಿ ಎಂದು ವಿಜ್ಞಾನಿಗಳು ಎಳೆದ ಗೆರೆ ಪೆಸಿಫಿಕ್ ಸಾಗರದ ಪೂರ್ವದಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರ ಭಾಗ, ಅಟ್ಲಾಂಟಿಕ್, ಆಫ್ರಿಕಾ ದಾಟಿ ಅರಬ್ಬೀ ಸಮುದ್ರ, ದಕ್ಷಿಣ ಏಷ್ಯಾದವರೆಗೆ ಹಾಯ್ದಿತ್ತು. ಕಲ್ಲಿನ ಗಾತ್ರ 40ರಿಂದ 90 ಮೀಟರ್ ಇರಬಹುದೆಂಬ ಅಂದಾಜು. ತಿಂಗಳು ಮುಗಿಯುವಷ್ಟರಲ್ಲಿ ಇನ್ನಷ್ಟು ವೀಕ್ಷಣೆಗಳು ಸೇರಿ, ಭೂಮಿಗೆ ಬಡಿಯುವ ಸಾಧ್ಯತೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ಆ ದಿನಗಳಲ್ಲಿ ಮೊಬೈಲ್‌ಗಳಲ್ಲಿ ಹರಿದಾಡಿದ್ದು ಭಯಕ್ಕಿಂತ ಹೆಚ್ಚಾಗಿ ನಗೆ. ಸಾಲ ಕಟ್ಟಬೇಕಾಗಿಲ್ಲ, ಪರೀಕ್ಷೆ ಬರೆಯಬೇಕಾಗಿಲ್ಲ ಎಂಬ ಜಾತಿಯ ಮಾತುಗಳು. ಅದನ್ನು ಜನರ ಉಡಾಫೆ ಎಂದು ತಳ್ಳಿಹಾಕುವುದು ಸುಲಭ. ಆದರೆ ದೊಡ್ಡ ವಿಪತ್ತು ಮತ್ತು ನಗು ಒಟ್ಟಿಗೆ ಬರುವುದಕ್ಕೆ ಗಟ್ಟಿ ಕಾರಣವಿದೆ, ಅದನ್ನು ಅತಿ ಚೆನ್ನಾಗಿ ಹಿಡಿದದ್ದು ಪ್ರಳಯದ ಕುರಿತ ಕರಾಳ ಹಾಸ್ಯದ ಸಿನಿಮಾಗಳು. ಮಳೆಗಾಲದ ನಾಲ್ಕು ತಿಂಗಳು ಎಚ್ಚರಿಕೆಗಳ ನಡುವೆಯೇ ಬದುಕುವ ಉತ್ತರ ಕನ್ನಡದವರಿಗೆ ಈ ಸಿನಿಮಾಗಳ ಒಳಗುಟ್ಟು ಬೇರೆಯವರಿಗಿಂತ ಬೇಗ ತಿಳಿಯಬೇಕು.

ಒಳಗುಟ್ಟು ಇಷ್ಟೇ. ಈ ಸಿನಿಮಾಗಳ ನಗು ಹುಟ್ಟುವುದು ಎಚ್ಚರಿಕೆ ಬಂದ ಗಳಿಗೆಗೂ ಅನಾಹುತ ಬಡಿದ ಗಳಿಗೆಗೂ ನಡುವಿನ ಕಾಲದಲ್ಲಿ. ಆ ನಡುಗಾಲದಲ್ಲಿ ಸುದ್ದಿ ಯಾರ ಕೈಯಲ್ಲಿತ್ತು, ಅವರು ಏನು ಮಾಡುತ್ತಾ ಕೂತಿದ್ದರು ಎಂಬುದೇ ವಸ್ತು. ಅನಾಹುತ ಬಡಿದ ಮೇಲೂ ನಗಿಸಲು ಹೊರಟ ಸಿನಿಮಾ ಬಹುಪಾಲು ಕೆಡುತ್ತದೆ.

ರೆಡ್ ಅಲರ್ಟ್ ಎಂಬ ಕಾದಂಬರಿ

ಈ ಪ್ರಕಾರದ ಮೂಲಮಾದರಿ ಸ್ಟ್ಯಾನ್ಲಿ ಕುಬ್ರಿಕ್ 1964ರಲ್ಲಿ ತೆರೆಗೆ ತಂದ ‘ಡಾಕ್ಟರ್ ಸ್ಟ್ರೇಂಜ್‌ಲವ್’. ಅದಕ್ಕೆ ಆಧಾರವಾದ ಪೀಟರ್ ಜಾರ್ಜ್ ಅವರ 1958ರ ಕಾದಂಬರಿ ಅಮೆರಿಕದಲ್ಲಿ ಬಂದದ್ದು ‘ರೆಡ್ ಅಲರ್ಟ್’ ಎಂಬ ಹೆಸರಲ್ಲಿ. ನಮ್ಮ ಕರಾವಳಿಯಲ್ಲಿ ಈ ಮಾತಿಗೆ ಬೇರೆಯೇ ಅರ್ಥ. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ನ್ನೂ ಮೀರಿದರೆ ಅತ್ಯಂತ ಭಾರಿ. ಆ ಮಟ್ಟದ ಮಳೆಯ ಮುನ್ಸೂಚನೆಗೆ ಕೆಂಪು ಬಣ್ಣ. ಮಕ್ಕಳ ಮಟ್ಟಿಗೆ ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ. ಒಂದೇ ಪದ ಒಬ್ಬರಿಗೆ ಆತಂಕ, ಇನ್ನೊಬ್ಬರಿಗೆ ಖುಷಿ. ಕರಾಳ ಹಾಸ್ಯ ಕೂರುವುದು ಇಂಥ ಪದದ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ.

ಕಾದಂಬರಿ ಗಂಭೀರವಾದದ್ದು, ಕುಬ್ರಿಕ್ ಮಾಡಹೊರಟದ್ದೂ ಗಂಭೀರ ಸಿನಿಮಾವನ್ನೇ. ಚಿತ್ರಕಥೆ ಬರೆಯುವಾಗ ಪ್ರತಿ ದೃಶ್ಯವನ್ನೂ ನಿಜಕ್ಕೆ ಹತ್ತಿರ ತಂದಷ್ಟೂ ಅದು ನಗೆಯ ಕಡೆಗೇ ಜಾರುತ್ತಿತ್ತು. ಆ ಭಾಗಗಳನ್ನು ತೆಗೆದರೆ ಸತ್ಯವೇ ಹೋಗುತ್ತದೆ ಎಂದು ಗೊತ್ತಾದಾಗ ಅವನ್ನೇ ಉಳಿಸಿಕೊಂಡು ಟೆರಿ ಸದರ್ನ್ ಅವರನ್ನು ಬರವಣಿಗೆಗೆ ಸೇರಿಸಿಕೊಂಡರು. ಅದೇ ವರ್ಷ ಸಿಡ್ನಿ ಲ್ಯುಮೆಟ್ ಹೆಚ್ಚುಕಡಿಮೆ ಇದೇ ಕಥೆಯನ್ನು ‘ಫೇಲ್ ಸೇಫ್’ ಎಂದು ನಗೆಯಿಲ್ಲದೆ ತೆಗೆದರು. ಅದೂ ಒಳ್ಳೆಯ ಚಿತ್ರವೇ, ಆದರೆ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಎರಡನ್ನೂ ಒಂದರ ಹಿಂದೊಂದು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ‘ಫೇಲ್ ಸೇಫ್’ನಲ್ಲಿ ತಪ್ಪು ಯಂತ್ರದ್ದು, ಮನುಷ್ಯರು ಬೆವರುತ್ತಾ ಅದನ್ನು ಸರಿಪಡಿಸಲು ಹೋರಾಡುತ್ತಾರೆ. ಕುಬ್ರಿಕ್ ಚಿತ್ರದಲ್ಲಿ ಯಂತ್ರಗಳು ಹೇಳಿದಂತೆಯೇ ನಡೆಯುತ್ತವೆ. ಅಮೆರಿಕದ ಒಬ್ಬ ಸೇನಾಧಿಕಾರಿ ತಲೆ ಕೆಟ್ಟು ರಷ್ಯಾದ ಮೇಲೆ ಅಣುದಾಳಿಯ ಆದೇಶ ಕೊಟ್ಟಿದ್ದಾನೆ, ಉಳಿದವರೆಲ್ಲ ಆ ಆದೇಶವನ್ನು ನಿಯಮದಂತೆ ಪಾಲಿಸುತ್ತಿದ್ದಾರೆ. ಬಾಂಬರ್ ವಿಮಾನದ ಸಿಬ್ಬಂದಿಯಷ್ಟು ಶ್ರದ್ಧೆಯವರು ಇಡೀ ಚಿತ್ರದಲ್ಲಿ ಇನ್ನೊಬ್ಬರಿಲ್ಲ. ಲೋಕ ಮುಗಿಯುವುದು ಅವರ ಶ್ರದ್ಧೆಯಿಂದಲೇ. ದಡ್ಡರನ್ನು ತೋರಿಸಿ ನಗಿಸುವ ಚಿತ್ರ ಮರುದಿನಕ್ಕೆ ಮರೆತುಹೋಗುತ್ತದೆ. ಕೆಲಸ ಬಲ್ಲವರು ಸರಿಯಾಗಿ ಕೆಲಸ ಮಾಡುತ್ತಲೇ ಅನಾಹುತಕ್ಕೆ ನಡೆದರೆ ಅದು ಒಳಗೆ ಕೂರುತ್ತದೆ.

ಆ ವಿಮಾನದೊಳಗಿನ ಒಂದು ನಿಮಿಷ ಗಮನಿಸಿ. ಮೇಜರ್ ಕಾಂಗ್ ತನ್ನ ಸಿಬ್ಬಂದಿಗೆ ಆಪತ್ಕಾಲದ ಪೊಟ್ಟಣದ ಪಟ್ಟಿ ಓದಿ ಹೇಳುತ್ತಾನೆ. ಒಂದು .45 ಪಿಸ್ತೂಲು, ಎರಡು ಪೆಟ್ಟಿಗೆ ಗುಂಡು, ನಾಲ್ಕು ದಿನದ ಒಣ ಆಹಾರ, ಔಷಧಿ, ಬೈಬಲ್ಲೂ ರಷ್ಯನ್ ನುಡಿಗಟ್ಟೂ ಒಟ್ಟಿಗಿರುವ ಒಂದು ಪುಟಾಣಿ ಪುಸ್ತಕ, ನೂರು ಡಾಲರ್ ಮೌಲ್ಯದ ರೂಬಲ್, ನೂರು ಡಾಲರ್ ಮೌಲ್ಯದ ಚಿನ್ನ, ಒಂಬತ್ತು ಪೊಟ್ಟಣ ಚ್ಯೂಯಿಂಗ್ ಗಮ್, ಮೂರು ಲಿಪ್‌ಸ್ಟಿಕ್, ಮೂರು ಜೊತೆ ನೈಲಾನ್ ಕಾಲುಚೀಲ. ಇಲ್ಲಿ ಜೋಕು ಎಂಬುದೇ ಇಲ್ಲ. ಪಟ್ಟಿ ಮೊದಲು ನಂಬಿಕೆ ಗಳಿಸುತ್ತದೆ. ಗುಂಡು, ಆಹಾರ, ಔಷಧಿ ಎಲ್ಲವೂ ಬೇಕಾದವೇ. ನಂಬಿಕೆ ಬಂದ ಮೇಲೆ ಅದೇ ದನಿಯಲ್ಲಿ, ಅದೇ ವೇಗದಲ್ಲಿ ಲಿಪ್‌ಸ್ಟಿಕ್ ಬರುತ್ತದೆ. ದನಿ ಒಂದಿಷ್ಟು ಏರಿದ್ದರೂ ಆ ದೃಶ್ಯ ಸತ್ತೇಹೋಗುತ್ತಿತ್ತು. ಟಾರ್ಚು, ಬೆಂಕಿಪೊಟ್ಟಣ, ಆಧಾರ್ ಕಾರ್ಡಿನ ಪ್ರತಿ, ಅವಲಕ್ಕಿ, ಹೊಳೆ ಬದಿಯ ಮನೆಯವರು ಮಳೆಗಾಲಕ್ಕೆ ಕಟ್ಟಿಡುವ ಚೀಲದ ಪಟ್ಟಿಯನ್ನೂ ಹೀಗೇ ಓದಬಹುದು. ಹತ್ತರಲ್ಲಿ ಎಂಟು ವಸ್ತು ನಿಜವಾಗಿಯೂ ಬೇಕಾದವಾಗಿರಬೇಕು, ಸಂಖ್ಯೆ ಖಚಿತವಾಗಿರಬೇಕು.

ಇನ್ನೊಂದು ದೃಶ್ಯ ದೂರವಾಣಿಯದು. ವಿಮಾನಗಳನ್ನು ಹಿಂದೆ ಕರೆಸುವ ಸಂಕೇತ ದಾಳಿಯ ಆದೇಶ ಹೊರಟ ನೆಲೆಯಲ್ಲಿದ್ದ ಗ್ರೂಪ್ ಕ್ಯಾಪ್ಟನ್ ಮ್ಯಾಂಡ್ರೇಕ್‌ಗೆ ಹೊಳೆದಿದೆ. ಅಧ್ಯಕ್ಷರಿಗೆ ತಿಳಿಸಬೇಕು. ನೆಲೆಯ ಸಂಪರ್ಕವೆಲ್ಲ ಕಡಿದಿದೆ, ಉಳಿದದ್ದು ನಾಣ್ಯ ಹಾಕುವ ಫೋನ್ ಒಂದೇ. ಕೈಯಲ್ಲಿರುವ ಚಿಲ್ಲರೆಯಲ್ಲಿ 20 ಸೆಂಟ್ ಕಡಿಮೆ. ಪಕ್ಕದ ಕೋಕಾ ಕೋಲಾ ಯಂತ್ರಕ್ಕೆ ಗುಂಡು ಹೊಡೆದು ನಾಣ್ಯ ತೆಗೆ ಎಂದರೆ ಜೊತೆಗಿದ್ದ ಕರ್ನಲ್ ಅದು ಖಾಸಗಿ ಆಸ್ತಿ ಎಂದು ಹಿಂಜರಿಯುತ್ತಾನೆ. ಲೋಕದ ಉಳಿವು 20 ಸೆಂಟಿಗೆ ನಿಂತಿದೆ, ಆದರೂ ಆಪರೇಟರ್ ಮಾಡುತ್ತಿರುವುದು ಅವಳ ಕೆಲಸ, ಕರ್ನಲ್ ಮಾಡುತ್ತಿರುವುದು ಅವನ ಕೆಲಸ. ಮಳೆಗಾಲದ ರಾತ್ರಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹುಡುಕುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ.

ನಟರು ನಗಬಾರದು

ಈ ಬಗೆಯ ಚಿತ್ರ ಕೆಡುವುದಕ್ಕೆ ಮೊದಲ ಕಾರಣ ನಟನೆ. ತಾನು ತಮಾಷೆಯ ಸಿನಿಮಾದಲ್ಲಿದ್ದೇನೆ ಎಂಬುದು ಪಾತ್ರಕ್ಕೆ ಗೊತ್ತಿರಬಾರದು. ‘ಸ್ಟ್ರೇಂಜ್‌ಲವ್’ನ ಕೊನೆಗೆ ಯುದ್ಧಕೋಣೆಯಲ್ಲಿ ಎಲ್ಲರೂ ಕೆನೆ ತಿಂಡಿ ಎರಚಾಡುವ ದೊಡ್ಡ ದೃಶ್ಯವೊಂದನ್ನು ಚಿತ್ರೀಕರಿಸಲಾಗಿತ್ತು, ಬರೀ ಗದ್ದಲದ ಹಾಸ್ಯವಾಗಿ ಉಳಿದ ಚಿತ್ರಕ್ಕೆ ಹೊಂದುವುದಿಲ್ಲವೆಂದು ಕುಬ್ರಿಕ್ ಕತ್ತರಿಸಿ ಎಸೆದರು. ಖರ್ಚು ಮಾಡಿದ ದೃಶ್ಯ ಎಂದು ಮರುಗಿ ಇಟ್ಟುಕೊಂಡಿದ್ದರೆ ಇವತ್ತು ನಾವು ಈ ಚಿತ್ರದ ಬಗ್ಗೆ ಮಾತಾಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಎರಡನೆಯದು ಸಂಗೀತ. ಆ ಚಿತ್ರದಲ್ಲಿ ಬಾಂಬರ್ ಹಾರುವಾಗಲೆಲ್ಲ ಕೇಳುವುದು ವೀರರಸದ ಹಳೆಯ ಯುದ್ಧಗೀತೆಯೊಂದರ ಧಾಟಿ. ಅಣುಬಾಂಬುಗಳು ಸಾಲಾಗಿ ಸಿಡಿಯುವಾಗ ಮತ್ತೆ ಸಿಗೋಣ ಎನ್ನುವ ಪ್ರೇಮಗೀತೆ. ಸಂಗೀತ ಗಂಭೀರವಾಗಿಯೇ ಇದೆ, ಅದರ ಕೆಳಗಿನ ಚಿತ್ರ ಅದನ್ನು ತಿರುಗಿಸುತ್ತದೆ. ನಮ್ಮಲ್ಲಿ ಟಿ.ವಿ. ಧಾರಾವಾಹಿಗಳಿಂದ ಬಂದ ಅಭ್ಯಾಸವೆಂದರೆ ಪ್ರತಿ ನಗೆಯ ಮಾತಿಗೂ ಒಂದು ಪೀಪಿ, ಒಂದು ‘ಢೊಯ್ಯ್’ ಸದ್ದು ಸೇರಿಸುವುದು. ಅದು ನೋಡುಗನಿಗೆ ಈಗ ನಗು ಎಂದು ಅಪ್ಪಣೆ ಕೊಟ್ಟಂತೆ. ವಿಪತ್ತಿನ ಚಿತ್ರದಲ್ಲಿ ನಗಬೇಕೋ ಬೇಡವೋ ಎಂಬ ಅನುಮಾನ ನೋಡುಗನಿಗೆ ಉಳಿಯಲೇಬೇಕು. ಆ ಅನುಮಾನ ಹೋದರೆ ಕರಾಳತೆಯೂ ಹೋಯಿತು.

ಮೂರನೆಯದು ಕ್ಯಾಮೆರಾ ಕದಲದೆ ಕಾಯುವುದು. ಎಡ್ಗರ್ ರೈಟ್ ಅವರ ‘ಶಾನ್ ಆಫ್ ದ ಡೆಡ್’ (2004) ಇದಕ್ಕೆ ಪಾಠದಂತಿದೆ. ನಾಯಕ ಮನೆಯಿಂದ ಮೂಲೆಯ ಅಂಗಡಿಗೆ ಹೋಗಿ ಬರುವ ನಡಿಗೆ ಕತ್ತರಿಯಿಲ್ಲದ ಒಂದೇ ಉದ್ದ ಶಾಟ್‌ನಲ್ಲಿದೆ. ಮರುದಿನ ಅದೇ ದಾರಿ, ಅದೇ ನಿದ್ದೆಗಣ್ಣು, ಅದೇ ಶಾಟ್. ಊರು ಮಾತ್ರ ಎದ್ದು ಓಡಾಡುವ ಹೆಣಗಳಿಂದ ತುಂಬಿದೆ, ಅವನಿಗೆ ಅದು ಕಾಣುವುದೇ ಇಲ್ಲ. ಮೊದಲ ನಡಿಗೆಯನ್ನು ಪೂರ್ತಿ ತೋರಿಸುವ ತಾಳ್ಮೆ ಇಲ್ಲದಿದ್ದರೆ ಎರಡನೆಯದು ನಗಿಸುವುದಿಲ್ಲ. ಬರೆಯುವವರು ಮೊದಲ ನಡಿಗೆಯನ್ನು ಬೋರು ಎಂದು ಅರ್ಧಕ್ಕೆ ಕತ್ತರಿಸುತ್ತಾರೆ. ಹೆಚ್ಚಿನ ಕಿರುಚಿತ್ರಗಳು ಸೋಲುವುದು ಇಲ್ಲೇ.

ಹಾಸ್ಯಗಾರನ ದೂತ

ಇದೆಲ್ಲ ಹೊರಗಿನಿಂದ ಕಲಿಯಬೇಕಾದ ವಿದ್ಯೆ ಎಂದುಕೊಳ್ಳುವ ಅಗತ್ಯ ಉತ್ತರ ಕನ್ನಡಕ್ಕಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ದೊರೆಯ ಒಡ್ಡೋಲಗಕ್ಕೆ ಕೆಡುಕಿನ ಸುದ್ದಿ ತರುವವನು ದೂತ. ಆ ವೇಷ ಸಾಮಾನ್ಯವಾಗಿ ಹಾಸ್ಯಗಾರನದು. ವೈರಿ ಕೋಟೆಗೆ ಮುತ್ತಿಗೆ ಹಾಕಿದ್ದಾನೆ ಎಂಬ ಸುದ್ದಿ ಹೊತ್ತ ದೂತ ಮೊದಲು ದಾರಿಯ ಕಷ್ಟ ಹೇಳುತ್ತಾನೆ, ಹೊಟ್ಟೆಪಾಡು ಹೇಳುತ್ತಾನೆ, ಭಾಗವತರನ್ನು ಮಾತಿಗೆ ಎಳೆಯುತ್ತಾನೆ, ದೊರೆಯನ್ನೇ ಒಂದೆರಡು ಮಾತಲ್ಲಿ ಚುಚ್ಚುತ್ತಾನೆ. ಸಭೆ ನಗುತ್ತದೆ. ಆಮೇಲೆ ಸುದ್ದಿ ನೆಟ್ಟಗೆ ಬರುತ್ತದೆ, ಚಂಡೆಯ ಗತಿ ಬದಲಾಗುತ್ತದೆ, ದೊರೆ ಏಳುತ್ತಾನೆ. ಹೊನ್ನಾವರದ ಕರ್ಕಿಯಲ್ಲಂತೂ ಹಾಸ್ಯಗಾರ ಎಂಬುದು ಒಂದು ಮನೆತನದ ಹೆಸರೇ ಆಗಿದೆ.

ಇದನ್ನು ಆ್ಯಡಂ ಮೆಕೇ ಅವರ ‘ಡೋಂಟ್ ಲುಕ್ ಅಪ್’ (2021) ಜೊತೆ ಇಟ್ಟು ನೋಡಿ. ಇಬ್ಬರು ಖಗೋಳ ವಿಜ್ಞಾನಿಗಳು ಭೂಮಿಯತ್ತ ಬರುತ್ತಿರುವ ಧೂಮಕೇತುವನ್ನು ಕಂಡುಹಿಡಿಯುತ್ತಾರೆ. ಉಳಿದಿರುವುದು ಆರು ತಿಂಗಳ ಚಿಲ್ಲರೆ. ಅಧ್ಯಕ್ಷೆಯ ಕಚೇರಿಯ ಹೊರಗೆ ಅವರನ್ನು ಗಂಟೆಗಟ್ಟಲೆ ಕಾಯಿಸಲಾಗುತ್ತದೆ. ಟಿ.ವಿ. ಸ್ಟುಡಿಯೊದಲ್ಲಿ ಅವರ ಸುದ್ದಿಯನ್ನು ಹಗುರ ಮಾತಿನ ನಡುವೆ ತುರುಕಲಾಗುತ್ತದೆ. ಕೂಗಿ ಹೇಳಿದವಳು ದೇಶಕ್ಕೆಲ್ಲ ನಗೆಪಾಟಲಾಗುತ್ತಾಳೆ. ಯಕ್ಷಗಾನದಲ್ಲಿ ದೂತ ನಗಿಸುತ್ತಾನೆ, ದೊರೆ ಕೇಳಿಸಿಕೊಳ್ಳುತ್ತಾನೆ. ಇಲ್ಲಿ ದೂತ ಗಂಭೀರನಾಗಿದ್ದಾನೆ, ಒಡ್ಡೋಲಗ ನಗುತ್ತಿದೆ. ವೇಷಗಳು ಅದಲುಬದಲಾದದ್ದೇ ಚಿತ್ರದ ನಿಜವಾದ ಕಥೆ. ಈ ಕಾರಣಕ್ಕೇ ನಮ್ಮ ನೋಡುಗರಿಗೆ ಈ ಚಿತ್ರ ಒಂದು ಹೆಜ್ಜೆ ಹೆಚ್ಚು ಅರ್ಥವಾಗುತ್ತದೆ.

ಅದರಲ್ಲಿ ಒಂದು ಪುಟ್ಟ ಎಳೆ ನನಗೆ ಇಡೀ ಚಿತ್ರಕ್ಕಿಂತ ಬೆಲೆಯುಳ್ಳದ್ದು. ಶ್ವೇತಭವನದಲ್ಲಿ ಕಾಯುವಾಗ ಸೇನೆಯ ಜನರಲ್ ಒಬ್ಬ ತಿಂಡಿ, ನೀರು ತಂದುಕೊಟ್ಟು ದುಡ್ಡು ತೆಗೆದುಕೊಳ್ಳುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಆ ತಿಂಡಿ ಪುಕ್ಕಟೆ. ಯುವ ವಿಜ್ಞಾನಿಗೆ ಕೊನೆಯವರೆಗೂ ಅದು ಕೊರೆಯುತ್ತದೆ. ಅಷ್ಟು ದೊಡ್ಡ ಹುದ್ದೆಯವನು ಯಾಕೆ ಹಾಗೆ ಮಾಡಿದ? ಉತ್ತರ ಸಿಗುವುದಿಲ್ಲ. ಲೋಕ ಮುಳುಗುವಾಗ ಮನುಷ್ಯನ ತಲೆ ಹಿಡಿದು ಕೂರುವುದು ಇಂಥ ಚಿಲ್ಲರೆ ಅನ್ಯಾಯವೇ. ಧೂಮಕೇತುವಿನ ಗಾತ್ರ ಯಾರ ಊಹೆಗೂ ನಿಲುಕದು, ತಿಂಡಿಯ ದುಡ್ಡು ಎಲ್ಲರಿಗೂ ನಿಲುಕುತ್ತದೆ.

ಚಿತ್ರ ಎಡವುವ ಕಡೆಗಳೂ ಇವೆ. 138 ನಿಮಿಷ ಉದ್ದ. ‘ಸ್ಟ್ರೇಂಜ್‌ಲವ್’ ಸುಮಾರು 95. ರಾಜಕಾರಣಿ, ಟಿ.ವಿ., ತಂತ್ರಜ್ಞಾನದ ಸಾಹುಕಾರ, ಗಾಯಕಿ, ಬೀದಿಯ ಜನ ಎಂದು ಎಲ್ಲರಿಗೂ ಬಾಣ ಬಿಡುವುದರಿಂದ ಯಾವುದೂ ಆಳಕ್ಕೆ ನಾಟುವುದಿಲ್ಲ. ಆದರೆ ಕೊನೆಯ ಊಟದ ದೃಶ್ಯದಲ್ಲಿ ಮೆಕೇ ಸರಿಯಾದುದನ್ನೇ ಮಾಡಿದ್ದಾರೆ. ಮೇಜಿನ ಸುತ್ತ ಕೂತವರು ಅಂಗಡಿಯಿಂದ ತಂದ ತಿನಿಸು, ಕಾಫಿಯ ಬಗ್ಗೆ ಮಾತಾಡುತ್ತಾರೆ, ಗೋಡೆ ಅಲುಗುತ್ತದೆ, ಜೋಕುಗಳು ನಿಲ್ಲುತ್ತವೆ.

ಭಸ್ಮಾಸುರನ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಯಾರ ತಲೆಯ ಮೇಲೆ ಕೈಯಿಟ್ಟರೂ ಸುಟ್ಟು ಬೂದಿಯಾಗುವ ವರ ಪಡೆದವನು ಮೋಹಿನಿಯ ಹಿಂದೆ ಕುಣಿಯುತ್ತಾ ತನ್ನ ಕೈಯನ್ನು ತನ್ನ ತಲೆಗೇ ಇಟ್ಟುಕೊಳ್ಳುತ್ತಾನೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ದೊಡ್ಡ ಹೆಸರು ತಂದ ವೇಷ ಅದು. ಆ ಕುಣಿತ ನೋಡುವಾಗ ಸಭೆಯ ಕಣ್ಣು ಮುಖದ ಮೇಲಿರುವುದಿಲ್ಲ, ಕೈಯ ಮೇಲಿರುತ್ತದೆ. ಕೈ ತಲೆಯ ಹತ್ತಿರ ಬಂದು ಮತ್ತೆ ಇಳಿದಾಗ ನಗು, ಮತ್ತೆ ಏರಿದಾಗ ಬಿಗಿ. ಅಣ್ವಸ್ತ್ರದ ಕಾಲದ ಕಥೆಗೆ ಇದಕ್ಕಿಂತ ಹತ್ತಿರದ ಪ್ರಸಂಗ ಇನ್ನೊಂದಿಲ್ಲ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿರುವ ಜಿಲ್ಲೆಯಲ್ಲಿ ಅಣುವಿನ ಕುರಿತ ನಗೆ ದೂರದ್ದೂ ಅಲ್ಲ. ಆದರೆ ಬರೆಯುವವರು ಒಂದು ತಪ್ಪು ಮಾಡಬಾರದು: ವಿದ್ಯುತ್ ಸ್ಥಾವರ ಬಾಂಬಿನಂತೆ ಸಿಡಿಯುವುದಿಲ್ಲ, ಅಲ್ಲಿನ ಅಪಾಯ ವಿಕಿರಣ ಸೋರುವುದು. ಈ ವ್ಯತ್ಯಾಸ ಗೊತ್ತಿಲ್ಲದ ಚಿತ್ರವನ್ನು ಕದ್ರಾ, ಮಲ್ಲಾಪುರದ ನೋಡುಗರು ಮೊದಲ ದೃಶ್ಯಕ್ಕೇ ಕೈಬಿಡುತ್ತಾರೆ.

ಸೇತುವೆ, ಕ್ಯಾಮೆರಾ, ಮಣ್ಣು ಅಗೆಯುವವನು

ಭಾರತದಲ್ಲಿ ಲೋಕಾಂತ್ಯದ ಹಾಸ್ಯ ಕಡಿಮೆ, ಕುಸಿತದ ಹಾಸ್ಯ ಇದೆ. ಕುಂದನ್ ಶಾ ಅವರ ‘ಜಾನೇ ಭಿ ದೋ ಯಾರೋ’ 1983ರದು. ಮುಂಬೈಯಲ್ಲಿ ಹೊಸ ಮೇಲ್ಸೇತುವೆ ಕುಸಿಯುತ್ತದೆ. ಗುತ್ತಿಗೆದಾರ, ಅಧಿಕಾರಿ, ಪತ್ರಿಕೆ ಮೂವರೂ ಸೇರಿ ತಪ್ಪನ್ನು ಇಬ್ಬರು ಪ್ರಾಮಾಣಿಕ ಫೋಟೊಗ್ರಾಫರ್‌ಗಳ ತಲೆಗೆ ಕಟ್ಟುತ್ತಾರೆ. ಅದಕ್ಕೂ ಮೊದಲು ಹೆಣವೊಂದು ಮಹಾಭಾರತ ನಾಟಕದ ರಂಗದ ಮೇಲೆ ದ್ರೌಪದಿಯಾಗಿ ನಿಲ್ಲುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿ ಬಂದ. ನಾಲ್ಕು ದಶಕ ದಾಟಿದ ಸೇತುವೆ ಅದು, ಸಿನಿಮಾದಲ್ಲಿ ಕುಸಿದದ್ದು ಹೊಸದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಕುಸಿತದ ಮರುದಿನ ಪ್ರಶ್ನೆಗಳು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತವೆ ಎಂಬುದನ್ನು ತಿಳಿಯಲು ನಲವತ್ತು ವರ್ಷದ ಹಿಂದಿನ ಆ ಚಿತ್ರ ಈಗಲೂ ಸಾಕು.

ಅನುಷಾ ರಿಜ್ವಿಯವರ ‘ಪೀಪ್ಲಿ ಲೈವ್’ (2010) ಇನ್ನೂ ಹತ್ತಿರದ್ದು. ಸಾಲದಲ್ಲಿ ಮುಳುಗಿದ ರೈತ ನತ್ಥಾ ಪರಿಹಾರಕ್ಕಾಗಿ ಸಾಯುತ್ತೇನೆ ಎಂದಿದ್ದೇ ತಡ, ಟಿ.ವಿ. ವಾಹನಗಳು ಹಳ್ಳಿಗೆ ನುಗ್ಗುತ್ತವೆ. ನತ್ಥಾ ಪಾತ್ರ ಮಾಡಿದ ಓಂಕಾರ್ ದಾಸ್ ಮಾಣಿಕ್‌ಪುರಿ ಹಬೀಬ್ ತನ್ವೀರ್ ಅವರ ನಯಾ ಥಿಯೇಟರ್‌ನಿಂದ ಬಂದವರು. ಛತ್ತೀಸಗಡದ ಜನಪದ ರಂಗದ ಮೈಗುಣ ಕರಾಳ ಹಾಸ್ಯಕ್ಕೆ ಎಷ್ಟು ಒದಗುತ್ತದೆ ಎಂದು ಅಲ್ಲಿ ನೋಡಬಹುದು. ನಮ್ಮ ಯಕ್ಷಗಾನ ಕಲಾವಿದರನ್ನು ಸಿನಿಮಾದವರು ಬರೀ ಹಾಡಿನ ದೃಶ್ಯದ ಹಿನ್ನೆಲೆಗೆ ಕರೆಯುವುದು ಎಂಥ ನಷ್ಟ ಎಂಬುದೂ ಗೊತ್ತಾಗುತ್ತದೆ. ಆ ಚಿತ್ರದಲ್ಲಿ ಹೋರಿ ಮಹತೋ ಎಂಬ ಇನ್ನೊಬ್ಬ ರೈತನಿದ್ದಾನೆ. ದಿನವೂ ಗುಂಡಿ ತೋಡಿ ಮಣ್ಣು ಮಾರುತ್ತಾನೆ, ಮಾತಾಡುವುದಿಲ್ಲ. ಕ್ಯಾಮೆರಾಗಳೆಲ್ಲ ನತ್ಥಾನ ಕಡೆಗಿರುವಾಗ ಒಂದು ದಿನ ತಾನೇ ತೋಡಿದ ಗುಂಡಿಯಲ್ಲಿ ಸತ್ತಿರುತ್ತಾನೆ. ಅವನ ಮೇಲೆ ಚಿತ್ರ ಒಂದೂ ಜೋಕು ಮಾಡುವುದಿಲ್ಲ. ಕರಾಳ ಹಾಸ್ಯದ ಗೆರೆ ಎಲ್ಲಿದೆ ಎಂದು ಕೇಳುವವರಿಗೆ ಹೋರಿಯೇ ಆ ಗೆರೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ಹೊಳೆಯೊಳಗೆ ಬಿತ್ತು. ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿದ್ದವರು, ನಿಂತ ವಾಹನಗಳು, ಆಚೆ ದಡದ ಉಳುವರೆಯ ಮನೆಗಳು. ಹೊಳೆಯಲ್ಲಿ ಹುದುಗಿದ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ದಡದಲ್ಲಿ ದಿನಗಟ್ಟಲೆ ಕ್ಯಾಮೆರಾಗಳು ನಿಂತಿದ್ದವು. ಈ ಚಹಾದಂಗಡಿಯ ಮೇಲೆ, ಆ ಮನೆಗಳ ಮೇಲೆ ನಗೆ ಹುಟ್ಟಿಸುವ ಸಿನಿಮಾವನ್ನು ಯಾರೂ ಮಾಡಬಾರದು. ಮಾಡಿದರೆ ಅದು ಕ್ರೌರ್ಯ. ಆದರೆ ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಬಹುದು ಎಂಬ ಕಾಗದ ಎಷ್ಟು ಮೇಜು ದಾಟುತ್ತದೆ, ಪ್ರತಿ ಮೇಜಿನಲ್ಲಿ ಎಷ್ಟು ದಿನ ಕೂರುತ್ತದೆ, ಮೈಕು ಹಿಡಿದವನು ದಡದಲ್ಲಿ ನಿಂತವರ ಮುಖಕ್ಕೆ ಎಷ್ಟು ಹತ್ತಿರ ಹೋಗುತ್ತಾನೆ, ಇವು ಕರಾಳ ಹಾಸ್ಯದ ವಸ್ತು. ಅದನ್ನು ಬರೆಯುವ ಹಕ್ಕು ಹೊಳೆ ಬದಿಯವರಿಗೆ ಎಲ್ಲರಿಗಿಂತ ಹೆಚ್ಚಿದೆ.

ಇನ್ನೊಂದು ಬಗೆಯ ನಗೆಯನ್ನು ಇದರಿಂದ ಬೇರೆ ಮಾಡಿಡಬೇಕು. 1962ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಟದಿಂದ ಲೋಕ ಮುಳುಗುತ್ತದೆಂದು ದೇಶದ ತುಂಬ ಹೋಮ, ಜಪ ನಡೆದವು. 2012ರ ಡಿಸೆಂಬರ್ 21ಕ್ಕೆ ಮಾಯಾ ಪಂಚಾಂಗದ ಹೆಸರಲ್ಲಿ ಪ್ರಳಯದ ಮಾತು ಎದ್ದಿತು. ಆಗದ ಪ್ರಳಯವನ್ನು ನಂಬಿದವರನ್ನು ಕಂಡು ನಗುವುದು ಸಲೀಸು, ಅದರಿಂದ ಏನೂ ಹುಟ್ಟುವುದಿಲ್ಲ. ಸುಳ್ಳು ಎಚ್ಚರಿಕೆ ನಿಜವಾದ ವಸ್ತುವಾಗುವುದು ಅದು ಯಂತ್ರದೊಳಗಿಂದ ಬಂದಾಗ. 2018ರ ಜನವರಿ 13ರಂದು ಹವಾಯಿಯ ಮೊಬೈಲ್‌ಗಳಿಗೆ ಕ್ಷಿಪಣಿ ಬರುತ್ತಿದೆ ಎಂಬ ಸಂದೇಶ ತಪ್ಪಾಗಿ ಹೋಗಿ, ಅದು ಸುಳ್ಳು ಎಂಬ ಎರಡನೇ ಸಂದೇಶ ತಲುಪಲು 38 ನಿಮಿಷ ಬೇಕಾಯಿತು. ಆ 38 ನಿಮಿಷದಲ್ಲಿ ಒಂದು ಪೂರ್ತಿ ಸಿನಿಮಾ ಇದೆ. ನಮ್ಮ ರಾಜ್ಯದಲ್ಲಿ 2023ರ ಅಕ್ಟೋಬರ್ 12ರಂದು ಪರೀಕ್ಷಾರ್ಥ ಎಚ್ಚರಿಕೆಗೆ ಫೋನುಗಳು ಕಿರುಚಿದ್ದು ಹಲವರಿಗೆ ನೆನಪಿರಬಹುದು.

ಮೂರು ಎಚ್ಚರಿಕೆಗಳ ಕಿರುಚಿತ್ರ

ಹಾಗಾದರೆ ಇಲ್ಲಿ ಏನು ಮಾಡಬಹುದು? ಶರಾವತಿಯ ಎಚ್ಚರಿಕೆಯಲ್ಲೇ ಕಥೆಯ ಕಟ್ಟು ಸಿದ್ಧವಾಗಿದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ನೀರು ಅದರ ಹತ್ತಿರ ಬಂದಂತೆ ಕೆಳಗಿನ ಹೊಳೆ ಬದಿಯವರಿಗೆ ಮೊದಲನೇ, ಎರಡನೇ, ಮೂರನೇ ಮುನ್ನೆಚ್ಚರಿಕೆ ಎಂದು ಪ್ರಕಟಣೆ ಹೊರಡುತ್ತದೆ. ಮೂರು ಸಲ ಬರುವ ಒಂದೇ ಮಾತು. ಹಾಸ್ಯಕ್ಕೆ ಇದಕ್ಕಿಂತ ಹಳೆಯ ಲಯವಿಲ್ಲ.

ಇಪ್ಪತ್ತು ನಿಮಿಷದ ಚಿತ್ರ ಎಂದಿಟ್ಟುಕೊಳ್ಳಿ. ಮೊದಲು ಸುದ್ದಿಯ ದಾರಿಯನ್ನು ಕಾಗದದ ಮೇಲೆ ಬರೆಯಬೇಕು: ಅಣೆಕಟ್ಟೆಯ ಎಂಜಿನಿಯರ್, ಜಿಲ್ಲಾ ನಿಯಂತ್ರಣ ಕೊಠಡಿ, ತಹಶೀಲ್ದಾರ್ ಕಚೇರಿ, ಪಂಚಾಯಿತಿ, ಕೊನೆಗೆ ಮೈಕು ಕಟ್ಟಿದ ಆಟೊ. ಪ್ರತಿ ಕೊಂಡಿಯಲ್ಲಿ ಸುದ್ದಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ನಿಮಿಷದ ಲೆಕ್ಕ ಹಾಕಬೇಕು. ನಿಲ್ಲುವ ಕಾರಣ ಪ್ರತಿಸಲವೂ ನ್ಯಾಯವಾದದ್ದಾಗಿರಲಿ. ಸಹಿ ಹಾಕುವವರು ಸಭೆಯಲ್ಲಿದ್ದಾರೆ, ಪ್ರಿಂಟರ್‌ನಲ್ಲಿ ಶಾಯಿ ಇಲ್ಲ, ಊರಿನ ಹೆಸರು ತಪ್ಪಾಗಿದೆ, ತಿದ್ದಬೇಕು. ಸೋಮಾರಿ ಗುಮಾಸ್ತನನ್ನು ತಂದರೆ ಚಿತ್ರ ಅಲ್ಲಿಗೇ ಹಳಸುತ್ತದೆ.

ಬರೆಯಲು ಕೂತ ಹತ್ತರಲ್ಲಿ ಒಂಬತ್ತು ಮಂದಿಗೆ ಮೊದಲು ಹೊಳೆಯುವ ಜೋಕು ಇದು: ಮೂರನೇ ಎಚ್ಚರಿಕೆ ಅಚ್ಚಾದ ಪತ್ರಿಕೆಯಲ್ಲಿ ಮೀನು ಕಟ್ಟಿಕೊಂಡು ಹೋಗುವ ಹೆಂಗಸು. ನೋಡಲು ಚೆನ್ನಾಗಿದೆ, ಆದರೆ ಬೇಡ. ಅದು ನಗುವುದು ಮನೆ ಕಳೆದುಕೊಳ್ಳಲಿರುವವಳ ಮೇಲೆ. ಹಾಗೆಯೇ ಹವ್ಯಕ ಮಾತು, ಹಾಲಕ್ಕಿ ಮಾತು, ಕೊಂಕಣಿ ಬೆರೆತ ಕನ್ನಡವನ್ನು ಬರೀ ನಗೆಗಾಗಿ ತರಬಾರದು. ಆ ಮಾತಾಡುವವರು ಚಿತ್ರದ ಅತಿ ಸ್ಪಷ್ಟ ತಲೆಯವರಾಗಿರಲಿ.

ಆಟೊದ ಪೆನ್‌ಡ್ರೈವ್ ಮೇಲು. ಜುಲೈ ತಿಂಗಳು, ಆಟೊದವನು ಬೆಳಿಗ್ಗೆಯಿಂದ ಆಷಾಢದ ಬಟ್ಟೆ ರಿಯಾಯಿತಿಯ ಪ್ರಚಾರ ಹಾಕುತ್ತಿದ್ದಾನೆ. ಪಂಚಾಯಿತಿಯವರು ನೆರೆಯ ಎಚ್ಚರಿಕೆಯನ್ನೂ ಅದೇ ಪೆನ್‌ಡ್ರೈವ್‌ಗೆ ತುಂಬಿಕೊಡುತ್ತಾರೆ. ಒಂದು ಸಲ ರಿಯಾಯಿತಿ, ಒಂದು ಸಲ ಹೊಳೆ. ಎರಡನ್ನೂ ಓದಿದ್ದು ಒಂದೇ ಹೆಣ್ಣುದನಿ, ಒಂದೇ ಉತ್ಸಾಹ. ಹೊಳೆಯ ಪ್ರಕಟಣೆ ಮೊದಲ ಸಲ ಪೂರ್ತಿ ಕೇಳಿಸಬೇಕು. ಎರಡನೇ ಸಲ ಆಟೊ ತಿರುವಿನಲ್ಲಿ ಮರೆಯಾಗುವಾಗ ಅರ್ಧ.

ಚಿತ್ರೀಕರಣದ ಕಷ್ಟಗಳನ್ನೂ ಹೇಳಬೇಕು. ಮಳೆ ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ಬೆಳಕು ಮಳೆಯ ಹಿಂದಿನಿಂದ ಕ್ಯಾಮೆರಾದತ್ತ ಬಂದು, ಹಿನ್ನೆಲೆ ಕಡುಬಣ್ಣದ್ದಾಗಿದ್ದರೆ ಮಾತ್ರ ಹನಿಗಳು ಹೊಳೆಯುತ್ತವೆ. ಎದುರಿನಿಂದ ದೀಪ ಬಿಟ್ಟರೆ ಎಂಥ ಜಡಿಮಳೆಯೂ ಬರೀ ಮಂಜಾಗುತ್ತದೆ. ನಿಜವಾದ ಮಳೆಯನ್ನು ನಂಬಿ ಕೂತರೆ ಒಂದು ಶಾಟಿಗೆ ಧಾರೆ, ಮುಂದಿನದಕ್ಕೆ ತುಂತುರು ಆಗಿ ಜೋಡಣೆಯಲ್ಲಿ ದೃಶ್ಯ ಒಡೆಯುತ್ತದೆ. ಹಾಗಾಗಿ ಹತ್ತಿರದ ಶಾಟುಗಳಿಗೆ ಟ್ಯಾಂಕರ್ ನೀರು ಇಟ್ಟುಕೊಳ್ಳಲೇಬೇಕು. ತಗಡಿನ ಮಾಡಿನ ಕೆಳಗೆ ಸಂಭಾಷಣೆ ದಾಖಲಿಸಲು ಆಗುವುದೇ ಇಲ್ಲ. ಮಾಡಿನ ಮೇಲೆ ಗೋಣಿಚೀಲ ಅಥವಾ ತೆಂಗಿನ ನಾರಿನ ಚಾಪೆ ಹಾಸಿದರೆ ಹನಿಯ ಪೆಟ್ಟು ಮುರಿದು ಸದ್ದು ಅರ್ಧಕ್ಕಿಳಿಯುತ್ತದೆ, ಇಲ್ಲವೇ ಹಂಚಿನ ಮನೆ ನೋಡಬೇಕು. ಎ.ಸಿ. ಕೋಣೆಯಿಂದ ತಂದ ಕ್ಯಾಮೆರಾವನ್ನು ತಕ್ಷಣ ಹೊರತೆಗೆದರೆ ಲೆನ್ಸ್ ಬೆವರುತ್ತದೆ. ಚೀಲದಲ್ಲೇ ಅರ್ಧ ಗಂಟೆ ಬಿಡಬೇಕು. ರಾತ್ರಿ ಲೆನ್ಸುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡದಿದ್ದರೆ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ.

ಸಂಕಲನದಲ್ಲಿ ಎಲ್ಲ ಕಚೇರಿ ದೃಶ್ಯಗಳನ್ನೂ ದೂರದಿಂದ, ಕತ್ತರಿಯಿಲ್ಲದೆ ಇಡಿ. ಗೋಡೆ ಗಡಿಯಾರ ಚೌಕಟ್ಟಿನ ಮೂಲೆಯಲ್ಲಿರಲಿ, ಅದಕ್ಕೆ ಹತ್ತಿರದ ಶಾಟ್ ಬೇಡ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಆಟೊದ ಸ್ಪೀಕರ್ ಮತ್ತು ಮಳೆ ಸಾಕು.

ಕೊನೆಯ ದೃಶ್ಯ ರಸ್ತೆ ಹೊಳೆಯೊಳಗೆ ಇಳಿದುಹೋದ ಜಾಗದಲ್ಲಿ. ಆಟೊ ನೀರಂಚಿಗೆ ಬಂದು ನಿಲ್ಲುತ್ತದೆ, ಸ್ಪೀಕರ್ ಮೂರನೇ ಎಚ್ಚರಿಕೆ ಹೇಳುತ್ತಿದೆ. ದೋಣಿಯಿಂದ ಇಳಿದ ಮುದುಕ, ತೊಯ್ದು ತೊಪ್ಪೆಯಾದವನು, ಹತ್ತಿರ ಬಂದು ಹೇಳುತ್ತಾನೆ: "ಎಲ್ಲಾರನ್ನೂ ಆಚೆ ದಾಟ್ಸಾಯ್ತು, ತಮಾ." ಪ್ರಕಟಣೆ ಮುಗಿದು ಅದೇ ದನಿಯಲ್ಲಿ ಆಷಾಢದ ರಿಯಾಯಿತಿ ಶುರುವಾಗುತ್ತದೆ. ಆಟೊದವನು ಕೈ ಚಾಚಿ ಅದನ್ನು ಆರಿಸುತ್ತಾನೆ. ಆಮೇಲೆ ಹೊಳೆಯ ಸದ್ದು ಮಾತ್ರ, ಕಡಿಮೆಯೆಂದರೂ 20 ಸೆಕೆಂಡು.